ಪ್ರತಿಕ್ರಿಯೆ: ವಾರ್ಡ್ ನರ್ಸ್‌ಗಳಿಗೆ ಸಿಪಿಆರ್ ಕಲಿಸುವುದನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು ಸಿಸ್ಟರ್. ಮಂಗಳೂರಿನ ಜನರಲ್ ವಾರ್ಡ್‌ನಲ್ಲಿದ್ದೀರಿ, ಬಿಎಸ್‌ಸಿ ಆಗಿದೆ, ಐಸಿಯು ಅನುಭವ ಇಲ್ಲದೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ, ಉಸಿರು ಕೊಡುವುದು) ಕಲಿಸುವ ದಾರಿ ಹಿಡಿಯಬಹುದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲಿ ವಾರ್ಡ್ ಅನುಭವಕ್ಕೇ ಬೆಲೆ ಜಾಸ್ತಿ.

ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್, ಸಿಪಿಆರ್ ಕಲಿಸುವ ತರಬೇತಿ) ಮುಗಿಸಿದಾಗ ಸಿಗುವ ಕಾರ್ಡ್ 2 ವರ್ಷ ನಡೆಯುತ್ತದೆ, ಆದರೆ ಕೈಯ ಪಳಗಿಕೆ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಐಸಿಯುನವರಿಗೆ ಆಗಾಗ ಸಿಪಿಆರ್ ಮಾಡುವ ಸಂದರ್ಭ ಬರುತ್ತದೆ, ವಾರ್ಡ್‌ನವರಿಗೆ ಅಪರೂಪ. ತರಬೇತಿ ಹೆಚ್ಚಾಗಿ ನೆಲದ ಮೇಲಿಟ್ಟ ಗೊಂಬೆಯಲ್ಲೇ ಮುಗಿಯುತ್ತದೆ. ವಾರ್ಡ್‌ನಲ್ಲಿ ಹಾಗಲ್ಲ ಅಲ್ವಾ? ಒತ್ತಿದರೆ ಎದೆಯ ಜೊತೆ ಹಾಸಿಗೆಯೂ ಕುಸಿಯುತ್ತದೆ. 5 ಸೆಂ.ಮೀ. ಆಳ ಹೋಯಿತು ಅನಿಸುತ್ತದೆ, ಹೋಗಿರುವುದಿಲ್ಲ. ಬೆನ್ನಡಿಗೆ ಹಲಗೆ ಬೇಕು, ಕುಳ್ಳಗಿರುವವರಿಗೆ ಸ್ಟೂಲ್ ಬೇಕು. ಆ ಸ್ಟೂಲ್ ಮೇಲೆ ಯಾರದ್ದೋ ಗಂಜಿ ಫ್ಲಾಸ್ಕ್ ಇರುತ್ತದೆ!

ಓದಿಗೆ ದೂರ ಹೋಗಬೇಕಿಲ್ಲ. ದೇರಳಕಟ್ಟೆ, ಮಣಿಪಾಲ ಎರಡೂ ಕಡೆ ನರ್ಸಿಂಗ್ ಕಾಲೇಜುಗಳಿವೆ. ಎಂಎಸ್‌ಸಿ 2 ವರ್ಷ, ಅದರಲ್ಲಿ ಮೆಡಿಕಲ್ ಸರ್ಜಿಕಲ್ ವಿಭಾಗ ತಗೊಳ್ಳಿ. ಜೊತೆಗೆ ಬಿಎಲ್‌ಎಸ್ ಇನ್‌ಸ್ಟ್ರಕ್ಟರ್ ಕೋರ್ಸ್ ಮಾಡಿ.

ಥೀಸಿಸ್ ಬಗ್ಗೆ ಒಂದು ಮಾತು. ತರಬೇತಿಗೆ ಮೊದಲು ಒಂದು ಪ್ರಶ್ನಪತ್ರಿಕೆ, ಆಮೇಲೆ ಅದೇ ಪ್ರಶ್ನಪತ್ರಿಕೆ, ಇಂಥದ್ದು ಸಾಕಷ್ಟಾಗಿದೆ, ಸುಮ್ನೆ ಇನ್ನೊಂದು ಬೇಡ. ವಾರ್ಡ್‌ನಲ್ಲೇ ಅಣಕು ಡ್ರಿಲ್ ಮಾಡಿಸಿ. ಮೊದಲ ಕಂಪ್ರೆಷನ್‌ಗೆ (ಎದೆ ಒತ್ತುವುದಕ್ಕೆ) ಎಷ್ಟು ಸೆಕೆಂಡ್ ಆಯಿತು, ವೇಗ ನಿಮಿಷಕ್ಕೆ 100ರಿಂದ 120ರ ಒಳಗಿತ್ತಾ ಅಂತ ಅಳೆಯಿರಿ. ಮೂರು ತಿಂಗಳ ನಂತರ ಮತ್ತೆ ಅಳೆಯಿರಿ. ಪಿಎಚ್‌ಡಿಗೂ ಅದನ್ನೇ ಬೆಳೆಸಬಹುದು.

ಈಗಲೇ ಶುರು ಮಾಡೋದಾದರೆ ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಕೇಳಿ ನೋಡಿ.