ಏರಿ ಮೇಲೆ ಆರಾಮಾಗಿ ಓಡಾಡಿ, ಕೋಡಿಗೆ ಮಾತ್ರ ಕೈ ಹಾಕ್ಬೇಡಿ

ಪ್ರಶ್ನೆ: ಸರ್, ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತುಂಬಾ ವರ್ಷ ಆದ್ಮೇಲೆ ನಮ್ಮೂರ ಕೆರೆ ಕೋಡಿ ಬಿದ್ದಿದೆ. ಏರಿ ಇಪ್ಪತ್ತಡಿ ಎತ್ತರ ಇರಬಹುದು, ಪೂರ್ತಿ ಮಣ್ಣಿಂದು. ಭಾನುವಾರ ಬಂದ್ರೆ ಟೌನಿಂದ ಜನವೋ ಜನ, ಏರಿ ಮೇಲೇ ಕಾರ್ ಪಾರ್ಕಿಂಗ್, ಹುಡುಗ್ರು ತೂಬಿನ ಹತ್ರ ಈಜು, ಕೋಡೀಲಿ ರೀಲ್ಸ್. ಪಂಚಾಯ್ತಿಯವರು ಏರಿ ಮೇಲೆ ಗಿಡ ನೆಟ್ಟು, ಬೆಂಚ್ ಹಾಕಿ, ಪೆಡಲ್ ಬೋಟ್ ಬಿಡೋಣ, ಜಾಸ್ತಿ ದಿನ ನೀರು ನಿಲ್ಲೋ ಹಾಗೆ ಕೋಡಿನ ಒಂದಡಿ ಎತ್ತರಿಸೋಣ ಅಂತಿದಾರೆ. ಏರಿ ಹಿಂದ್ಗಡೆ ತೂಬಿನ ಕಾಲುವೆ ಪಕ್ಕ ಒಂದು ಜಾಗ ಯಾವಾಗ್ಲೂ ಒದ್ದೆ ಇರುತ್ತೆ. ಭಯ ಪಡಬೇಕಾ?

ಉತ್ತರ: ನೀವು ಕೊನೇಲಿ ಬರೆದಿರೋ ಆ ಒದ್ದೆ ಜಾಗಾನೇ ನಾನು ಮೊದಲು ಎತ್ಕೋತೀನಿ. ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಜಿನುಗು ಇದ್ದೇ ಇರುತ್ತೆ, ಅದಕ್ಕೆ ಹೆದರಬೇಕಿಲ್ಲ, ಬರೋ ನೀರು ತಿಳಿಯಾಗಿದೆಯಾ ಕದಡಿದೆಯಾ ಅನ್ನೋದೇ ಮುಖ್ಯ. ನಾಳೆ ಬೆಳಿಗ್ಗೆ ಒಂದು ಗಾಜಿನ ಬಾಟ್ಲಿ ತಗೊಂಡು ಹೋಗಿ, ಜಿನುಗೋ ನೀರನ್ನ ಮಣ್ಣು ಕೆದಕದೆ ತುಂಬಿಸ್ಕೊಂಡು ಬಂದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತಿದ್ರೆ ನೀರು ಏರಿಯ ಹೊಟ್ಟೆಯೊಳಗಿಂದ ಮಣ್ಣನ್ನ ಕೊಚ್ಕೊಂಡು ಬರ್ತಿದೆ ಅಂತ ಅರ್ಥ, ಒಳಗೆ ಕೊಳವೆ ಥರ ದಾರಿ ಆಗ್ತಿದೆ. ತೂಬು ಅಂದ್ರೆ ಏರಿಯೊಳಗಿಂದ ಕಾಲುವೆಗೆ ನೀರು ಬಿಡೋ ಕಲ್ಲಿನ ಕಂಡಿ, ಅದರ ಪಕ್ಕದಲ್ಲೇ ಇದು ಜಾಸ್ತಿ, ಯಾಕಂದ್ರೆ ಕಲ್ಲಿಗೂ ಮಣ್ಣಿಗೂ ಮಧ್ಯೆ ಬೆಸುಗೆ ಯಾವಾಗ್ಲೂ ಸಡಿಲ, ಜೊತೆಗೆ ಹೆಗ್ಗಣದ ಬಿಲ, ಏಡಿ ಬಿಲ, ಒಣಗಿದ ಜಾಲಿ ಬೇರು ಇವೆಲ್ಲ ನೀರಿಗೆ ದಾರಿ ತೋರಿಸ್ತವೆ.

ತಿಳಿ ನೀರಾದ್ರೆ ಬಿಟ್ಬಿಡೋದು ಅಂತಲ್ಲ. ಒಂದು ತಗಡು ಇಟ್ಟು ನೀರನ್ನ ಒಂದು ಕಡೆಗೆ ತಿರುಗಿಸಿ, ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ಹಿಡೀತು ಅಂತ ಮೊಬೈಲಲ್ಲಿ ನೋಡಿ ವಾರಕ್ಕೊಂದ್ಸಲ ಬರೆದಿಡಿ. ಕೆರೆ ಮಟ್ಟ ಹಾಗೇ ಇದ್ದು ಬಕೆಟ್ ಬೇಗ ಬೇಗ ತುಂಬೋಕೆ ಶುರುವಾದ್ರೆ ಇಂಜಿನಿಯರನ್ನ ಕರೆಸಿ. ದಯವಿಟ್ಟು ಹಿಂದ್ಗಡೆಯಿಂದ ಸಿಮೆಂಟ್ ಮೆತ್ತೋದು, ಜೇಡಿಮಣ್ಣು ತುರುಕೋದು ಮಾಡ್ಬೇಡಿ. ನಾನು ಕೆಲಸದಲ್ಲಿದ್ದಾಗ ಒಂದೂರಲ್ಲಿ ಹಾಗೇ ಮಾಡಿದ್ರು, ಸೋರಿಕೆ ನಿಂತಂಗೆ ಕಾಣಿಸ್ತು, ನಾಲ್ಕೇ ದಿನಕ್ಕೆ ಮೂರು ಮಾರು ಆಚೆ ಕೆಸರು ಬುಗ್ಗೆ ಎದ್ದಿತ್ತು. ನೀರು ಹೊರಗೆ ಬರಲಿ, ಮಣ್ಣು ಮಾತ್ರ ಬರಬಾರದು. ಅದಕ್ಕೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು, ಹೀಗೆ ಪದರ ಪದರವಾಗಿ ಹೇರಬೇಕು. ನೀರು ಕೆಂಪಗೆ ಬರ್ತಿದ್ರೆ ಅದೇ ಗಳಿಗೆ ಕೆಳಗಿನ ಮನೆಯವರನ್ನ ಎಬ್ಬಿಸಿ, 112ಕ್ಕೆ ಫೋನ್ ಮಾಡಿ, ಏರಿ ಮೇಲೆ ಯಾರನ್ನೂ ಬಿಡ್ಬೇಡಿ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅನ್ನೋ ಮಣ್ಣಿನ ಡ್ಯಾಮ್ 2019ರ ಜುಲೈ 2ರ ರಾತ್ರಿ ಒಡೀತು, ಸೋರ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ರು.

ಈಗ ಕೋಡಿ ವಿಷಯ. ಬೋಟಿಗೋಸ್ಕರ ಒಂದಡಿ ಎತ್ತರಿಸೋದು ಖಂಡಿತ ಬೇಡ, ಇದನ್ನ ಪಂಚಾಯ್ತಿ ಸಭೇಲಿ ಎದ್ದು ನಿಂತು ಹೇಳಿ. ಕೋಡಿ ಮಟ್ಟಕ್ಕೂ ಏರಿ ತಲೆಗೂ ಮಧ್ಯೆ ಖಾಲಿ ಬಿಟ್ಟಿರೋ ನಾಲ್ಕೈದು ಅಡಿ ಇದೆಯಲ್ಲ, ಅದು ದೊಡ್ಡ ಮಳೆ ಬಂದಾಗ ಏರಿ ಉಳಿಸೋ ಜಾಗ. ಕಲ್ಲಿನ ಕಟ್ಟೆ ಮೇಲೆ ನೀರು ಹರಿದ್ರೆ ತಡ್ಕೊಳ್ಳುತ್ತೆ, ಮಣ್ಣಿನ ಏರಿ ಮೇಲೆ ಹರಿದ್ರೆ ಕೆಲವೇ ಗಂಟೇಲಿ ಕೊರೆದು ಹಾಕುತ್ತೆ. ಇನ್ನೊಂದು, ಮೀನು ಆಚೆ ಹೋಗದಿರಲಿ ಅಂತ ಮೀನು ಗುತ್ತಿಗೆಯವರು ಕೋಡಿಗೆ ಬಲೆ ಕಟ್ತಾರೆ, ಅದಕ್ಕೆ ಕಸ ಜೊಂಡು ಪ್ಲಾಸ್ಟಿಕ್ ಸಿಕ್ಕಾಕ್ಕೊಂಡ್ರೆ ಅದೂ ಎತ್ತರಿಸಿದ ಹಾಗೇ, ಮಳೆಗಾಲದಲ್ಲಿ ಅದನ್ನ ತೆಗೆಸಲೇಬೇಕು.

ಗಿಡ ಏರಿ ಮೇಲೆ ಬೇಡ, ಗರಿಕೆ ಸಾಕು, ಲಾವಂಚ ಇನ್ನೂ ಒಳ್ಳೇದು. ನೆರಳು ಬೇಕಾದ್ರೆ ಏರಿ ಬುಡದಿಂದ ಹತ್ತು ಮೀಟರ್ ಆಚೆ ಹೊಂಗೆ ಹಾಕಿ. ಏರಿ ಮೇಲೆ ಹಳೇ ಮರ ಇದ್ರೆ ಕೆರೆ ತುಂಬಿರೋವಾಗ ಬುಡ ಸಮೇತ ಕೀಳ್ಬೇಡಿ. ಜನ ನಡೆದ್ರೆ ಏರಿಗೆ ಏನೂ ಆಗಲ್ಲ, ಕಾರಿನದೇ ತೊಂದ್ರೆ, ಹಸಿ ಮಣ್ಣಲ್ಲಿ ಚಕ್ರದ ಜಾಡು ಬಿದ್ದು ಅಲ್ಲಿ ಮಳೆನೀರು ನಿಂತು ಇಳಿಜಾರಿಗೆ ಕೊರಕಲು ಹೊಡೆಯುತ್ತೆ. ಎರಡೂ ತುದೀಲಿ ಬೈಕೂ ನುಗ್ಗದ ಹಾಗೆ ಕಲ್ಲು ನೆಡಿ.

ಈಜೋ ಹುಡುಗ್ರ ಬಗ್ಗೆ ನನಗೆ ಏರಿಗಿಂತ ಜಾಸ್ತಿ ಚಿಂತೆ. ತೂಬು ತೆಗೆದಿದ್ದಾಗ ಹದಿಮೂರಡಿ ಆಳದಲ್ಲಿ ಒಂದಡಿ ಅಗಲ, ಒಂದಡಿ ಎತ್ತರದ ಕಂಡಿಗೆ ಮೈ ಅಡ್ಡ ಸಿಕ್ಕಿದ್ರೆ ಸುಮಾರು 360 ಕೆ.ಜಿ. ಭಾರದಲ್ಲಿ ನೀರು ಒತ್ತಿ ಹಿಡಿಯುತ್ತೆ, ಎಂಥಾ ಈಜುಗಾರನೂ ಬಿಡಿಸ್ಕೊಳ್ಳೋಕಾಗಲ್ಲ. ಕೋಡಿ ಕಲ್ಲಿನ ಮೇಲೆ ಪಾಚಿ, ಮೊಣಕಾಲುದ್ದ ನೀರು ರಭಸವಾಗಿದ್ರೆ ಸಾಕು, ಕಾಲು ಕಿತ್ತು ಬೀಳಿಸುತ್ತೆ. ಇವೆರಡಕ್ಕಿಂತ ಮೋಸದ್ದು ಕೆರೆ ಅಂಗಳದ ಗುಂಡಿಗಳು. ಬರಗಾಲದಲ್ಲಿ ಜೆಸಿಬಿ ತಂದು ಮಣ್ಣು ಎತ್ತಿರ್ತಾರೆ, ನೀರು ತುಂಬಿದ್ಮೇಲೆ ಮೇಲೆಲ್ಲ ಒಂದೇ ಸಮ ಕಾಣುತ್ತೆ, ಸೊಂಟದ ನೀರಲ್ಲಿ ನಡೀತಿದ್ದ ಮಗು ಮುಂದಿನ ಹೆಜ್ಜೆಗೆ ಕಾಣಿಸಲ್ಲ. ಎಲ್ಲೆಲ್ಲಿ ಮಣ್ಣು ತೆಗೆದಿದ್ರು ಅಂತ ಊರಿನ ಟ್ರ್ಯಾಕ್ಟರಿನವರಿಗೆ ಗೊತ್ತಿರುತ್ತೆ, ಅವರನ್ನೇ ಕರ್ಕೊಂಡು ಹೋಗಿ ದಡದಲ್ಲಿ ಕೆಂಪು ಬಾವುಟ ನೆಡಿಸಿ. ತೂಬಿಂದ ದೂರ, ಗುಂಡಿ ಇಲ್ಲದ ಒಂದೇ ಒಂದು ಜಾಗ ಈಜೋಕೆ ಗುರುತು ಮಾಡಿ, ಅಲ್ಲೊಂದು ಕಂಬಕ್ಕೆ ಗಾಳಿ ತುಂಬಿದ ಟ್ಯೂಬು, ಉದ್ದ ಹಗ್ಗ ಕಾಯಂ ನೇತಾಡ್ತಿರಲಿ.

ಬೋಟ್ ಬಿಡಬಹುದು, ಕೋಡಿಯಿಂದ ದೂರ ಹಗ್ಗ ಕಟ್ಟಿ ಗಡಿ ಮಾಡಿ, ಕೋಡಿ ಹರಿಯೋ ದಿನ ನಿಲ್ಸಿ. ವಡೋದರದ ಹರ್ಣಿ ಕೆರೇಲಿ 2024ರ ಜನವರಿಯಲ್ಲಿ ಬೋಟ್ ಮಗುಚಿ 12 ಮಕ್ಕಳು, 2 ಟೀಚರ್ ಹೋದ್ರು, ಬೋಟಿಗೆ ಮಿತಿಗಿಂತ ಜಾಸ್ತಿ ಜನ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಮಕ್ಕಳ ಸೈಜಿನ ಜಾಕೆಟ್ ಇಲ್ಲದೆ ಮಕ್ಕಳನ್ನ ಹತ್ತಿಸ್ಬೇಡಿ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹತ್ತು ಮೀಟರಿಗಿಂತ ಕಡಿಮೆ ಎತ್ತರದ್ದಕ್ಕೆ ಅನ್ವಯಿಸಲ್ಲ, ನಿಮ್ಮ ಏರಿ ಆರು ಮೀಟರ್. ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ರೆ ಸಣ್ಣ ನೀರಾವರಿ ಇಲಾಖೆ, ಇಲ್ಲಾಂದ್ರೆ ಪಂಚಾಯತ್ ರಾಜ್ ಇಂಜಿನಿಯರ್, ಅರ್ಜಿ ಯಾರಿಗೆ ಕೊಡಬೇಕು ಅಂತ ಮೊದಲು ಇದನ್ನ ತಿಳ್ಕೊಳ್ಳಿ. ನಿಮ್ಮೂರಲ್ಲಿ ತೂಬು ನೋಡ್ಕೊಂಡು ಗದ್ದೆಗೆ ನೀರು ಬಿಡೋ ನೀರುಗಂಟಿ ಮನೆತನ ಇನ್ನೂ ಇದ್ರೆ ಅವರನ್ನ ಒಂದ್ಸಲ ಏರಿ ಉದ್ದಕ್ಕೂ ನಡೆಸಿ, ಆ ಒದ್ದೆ ಜಾಗ ಮೊದಲಿಂದ ಇತ್ತಾ, ಹೊಸದಾ ಅಂತ ಕೇಳಿ ಬಾಟ್ಲಿ ಫೋಟೋ ಜೊತೆ ನನಗೆ ಬರೆದು ಕಳಿಸಿ.