ರಾಕ್ ಸಂಗೀತದ ಗದ್ದಲ ಹೆಚ್ಚಿದ್ದರಿಂದಲೇ ಹೆವಿ ಮೆಟಲ್ ಹುಟ್ಟಿತೇ?

ರಾಕ್ ಸಂಗೀತ ದಶಕದಿಂದ ದಶಕಕ್ಕೆ ಗದ್ದಲವಾಗುತ್ತ ಹೋಗಿ ಹೆವಿ ಮೆಟಲ್ ಆಯಿತೇ, ಅಥವಾ ಸಂಗೀತವೇ ಬದಲಾಯಿತೇ ಎಂದು ನೀವು ಕೇಳಿದ್ದೀರಿ. ಉಡುಪಿಯಲ್ಲಿ ಗಿಟಾರ್ ಕಲಿಸುವ ನನಗೆ ಮಕ್ಕಳ ಪೋಷಕರಿಂದಲೂ ಈ ಪ್ರಶ್ನೆ ಬರುತ್ತಿರುತ್ತದೆ. ಸಂಗೀತವೇ ಬದಲಾಯಿತು, ಅದರಲ್ಲೂ ಮುಖ್ಯವಾಗಿ ಶ್ರುತಿ ಮತ್ತು ಸ್ವರಗಳ ಆಯ್ಕೆ ಬದಲಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಿಂದ ಬೆಳೆದ ರಾಕ್‌ನಲ್ಲಿ ಗಿಟಾರಿನ ನಾದ ಮೊದಲು ಸ್ವಚ್ಛವಾಗಿಯೇ ಇತ್ತು. ಅದನ್ನು ಬೇಕೆಂದೇ ಒಡಕಾಗಿಸುವ ಪ್ರಯತ್ನಗಳು ನಂತರ ಬಂದವು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಸ್ಪೀಕರಿನ ಕಾಗದದ ಕೋನನ್ನು ಬ್ಲೇಡಿನಿಂದ ಸೀಳಿ ಆ ಒಡಕು ನಾದವನ್ನು ಪಡೆದದ್ದು ಪ್ರಸಿದ್ಧವಾಗಿದೆ. ಡಿಸ್ಟಾರ್ಷನ್ ಎಂದು ಕರೆಯುವ ಈ ನಾದದಲ್ಲಿ ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸಿದರೆ ಕಲಸಿಹೋಗುತ್ತದೆ. ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮಗಳನ್ನಷ್ಟೇ ನುಡಿಸಿದರೆ, ಅವುಗಳ ಕಂಪನಾಂಕಗಳ ಅನುಪಾತ 2:3 ಆಗಿರುವುದರಿಂದ, ಆ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜವೂ ತಾನಾಗಿ ಕೇಳಿಬರುತ್ತದೆ. ಗಿಟಾರ್ ವಾದಕರು ಪವರ್ ಕಾರ್ಡ್ ಎನ್ನುವುದು ಇದನ್ನೇ, ಮೆಟಲ್‌ನ ತೂಕಕ್ಕೆ ಇದೇ ತಳಹದಿ.

ಇದರ ಮೇಲೆ ಕಟ್ಟಿದವರು ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬಾತ್ ತಂಡದವರು. ಅದರ ಗಿಟಾರ್ ವಾದಕ ಟೋನಿ ಅಯೋಮಿ 17ರ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ, ಬಲಗೈಯ ಎರಡು ಬೆರಳುಗಳ ತುದಿಗಳನ್ನು ಯಂತ್ರಕ್ಕೆ ಕಳೆದುಕೊಂಡರು. ಎಡಗೈಯಲ್ಲಿ ಮೀಟುವ ಅವರಿಗೆ ತಂತಿಯನ್ನು ಒತ್ತಬೇಕಾದದ್ದು ಆ ಬಲಗೈಯೇ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡ ಅವರು ತೆಳು ತಂತಿಗಳನ್ನು ಬಳಸಿದರು. 1971ರ ಮೂರನೆಯ ಆಲ್ಬಮ್‌ನ ಹಲವು ಹಾಡುಗಳಲ್ಲಿ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗಿಳಿಸಿದರು. ಹಾರ್ಮೋನಿಯಂ ಮನೆಗಳಿಂದ ಶ್ರುತಿ ಹೇಳುವ ನಮ್ಮ ಯಕ್ಷಗಾನ ಭಾಗವತರ ಮಾತಿನಲ್ಲಿ ಹೇಳುವುದಾದರೆ ಬಿಳಿ ಮೂರರಿಂದ ಕಪ್ಪು ಒಂದಕ್ಕೆ. ತಂತಿ ಸಡಿಲವಾಗಿ ಬೆರಳಿಗೆ ಆರಾಮ ಸಿಕ್ಕಿತು, ನಾದಕ್ಕೆ ಗಾಂಭೀರ್ಯ ಬಂತು. 1970ರ ಅವರ ಮೊದಲ ಆಲ್ಬಮ್‌ನ ಮೊದಲ ಹಾಡು ನಿಂತಿರುವುದಂತೂ ಷಡ್ಜ ಮತ್ತು ಪ್ರತಿ ಮಧ್ಯಮಗಳ ಮೇಲೆ. ಕಲ್ಯಾಣಿ ರಾಗದಲ್ಲಿ ಗಾಂಧಾರ-ಪಂಚಮಗಳ ನಡುವೆ ಹಿತವಾಗಿ ಕೇಳುವ ಆ ಮಧ್ಯಮ, ಷಡ್ಜದೆದುರು ಒಂಟಿಯಾಗಿ ನಿಂತಾಗ ಎಷ್ಟು ಭಯ ಹುಟ್ಟಿಸಬಲ್ಲದು ಎಂಬುದನ್ನು ಕೇಳಿಯೇ ತಿಳಿಯಬೇಕು.

ಅದೇ ಊರಿನ ಜೂಡಾಸ್ ಪ್ರೀಸ್ಟ್ ತಂಡ ಬ್ಲೂಸ್‌ನ ಉಳಿಕೆಯನ್ನು ಕ್ರಮೇಣ ಕಳಚಿತು. ಲಂಡನ್ನಿನ ಐರನ್ ಮೇಡನ್ ಎರಡು ಗಿಟಾರ್‌ಗಳನ್ನು ಜೊತೆಜೊತೆಯಾಗಿ ಹಾಡಿಸಿತು. ಪಂಕ್ ಸಂಗೀತದ ವೇಗವನ್ನು ಇದಕ್ಕೆ ಬೆಸೆದು ಥ್ರ್ಯಾಶ್ ಮೆಟಲ್ ಕಟ್ಟಿದವರು ಕ್ಯಾಲಿಫೋರ್ನಿಯಾದ ಮೆಟಾಲಿಕಾ, ಸ್ಲೇಯರ್ ಮುಂತಾದ ತಂಡಗಳು. ಯಕ್ಷಗಾನದ ಯುದ್ಧದ ಸನ್ನಿವೇಶದಲ್ಲಿ ಚಂಡೆಯ ಪೆಟ್ಟುಗಳು ದಟ್ಟವಾಗುವುದನ್ನು ಕೇಳುತ್ತ ಬೆಳೆದ ನಮ್ಮ ಕರಾವಳಿಯ ಕಿವಿಗೆ ಆ ವೇಗ ಅಪರಿಚಿತವಾಗಲಾರದು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಸ್ಲೇಯರ್‌ನ 1986ರ ಆಲ್ಬಮ್ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಆದರೆ ಅದರಲ್ಲಿ ಒಂದು ಪೆಟ್ಟೂ ಅನಗತ್ಯವಲ್ಲ.

1991ರಲ್ಲಿ ನಿರ್ವಾಣ ತಂಡದ ಜನಪ್ರಿಯತೆಯೊಂದಿಗೆ ಗ್ರಂಜ್ ಎಂಬ ರಾಕ್ ಶೈಲಿ ಮುನ್ನೆಲೆಗೆ ಬಂದು, ಮೆಟಲ್‌ನ ಮಾರುಕಟ್ಟೆ ಕುಗ್ಗಿತು. ಆದರೂ ಶ್ರುತಿ ಇಳಿಯುವುದು ನಿಲ್ಲಲಿಲ್ಲ: ಕಾರ್ನ್ ತಂಡ ಸಾಮಾನ್ಯ ಆರು ತಂತಿಗಳಿಗೆ ಇನ್ನೂ ಕೆಳಗಿನ ಶ್ರುತಿಯ ತಂತಿಯೊಂದು ಸೇರಿದ ಏಳು ತಂತಿಯ ಗಿಟಾರ್ ಹಿಡಿಯಿತು, ಸ್ವೀಡನ್ನಿನ ಮೆಶುಗಾ ಎಂಟು ತಂತಿಗೆ ಹೋಯಿತು. ಮೆಶುಗಾದಲ್ಲಿ ಡ್ರಮ್ಸ್ ವಾದಕನ ಕೈ ನಾಲ್ಕರ ಎಣಿಕೆಯನ್ನು ಬಿಡದೆ ಹಿಡಿದಿದ್ದರೆ, ಗಿಟಾರ್ ಮತ್ತು ಕಾಲಿನ ಪೆಟ್ಟುಗಳು ಬೇರೆ ಗುಂಪುಗಳಲ್ಲಿ ಸಾಗುತ್ತಿರುತ್ತವೆ. ಮೃದಂಗ ಕಲಿಯುತ್ತಿರುವ ನನ್ನ ವಿದ್ಯಾರ್ಥಿಗಳು ಇದನ್ನು ಬೇಗ ಹಿಡಿಯುತ್ತಾರೆ.

ನಮ್ಮ ರಾಜ್ಯಕ್ಕೂ ಇದು ದೂರದ ಸಂಗೀತವಾಗಿ ಉಳಿದಿಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ನುಡಿಸಿದವು. ಬೆಂಗಳೂರಿನದೇ ಕ್ರಿಪ್ಟಾಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದಲ್ಲಿ ನುಡಿಸಿತು.

ನೀವೇ ಪರೀಕ್ಷಿಸಬೇಕೆಂದಿದ್ದರೆ ಬ್ಲ್ಯಾಕ್ ಸಬ್ಬಾತ್‌ನ ಮೊದಲ ಮತ್ತು ಮೂರನೆಯ ಆಲ್ಬಮ್‌ಗಳನ್ನು, ಆಮೇಲೆ ಮೆಶುಗಾವನ್ನು ಒಂದೇ ಸಣ್ಣ ಧ್ವನಿಮಟ್ಟದಲ್ಲಿ ಕೇಳಿ. ಧ್ವನಿ ಏರಿಸದಿದ್ದರೂ ತೂಕ ಹೆಚ್ಚುತ್ತ ಹೋಗುವುದು ನಿಮಗೆ ಕೇಳಿಸುತ್ತದೆ.