ಎ ತಂಡದ ಪಂದ್ಯ: ಕ್ಯಾಪ್ ಬೇರೆ, ಲಾಕ್ ಬೇರೆ

ಗೆಳೆಯರೇ, ನೀವು ಇಲ್ಲಿ ಹಾಕಿದ ರಗ್ಬಿ ಪಂದ್ಯಗಳ ಪಟ್ಟಿ ಈಗಷ್ಟೇ ನೋಡಿದೆ. 2024ರ ಫೆಬ್ರವರಿಯಲ್ಲಿ ಲೆಸ್ಟರ್‌ನಲ್ಲಿ ಇಂಗ್ಲೆಂಡ್ ಎ ತಂಡ ಪೋರ್ಚುಗಲ್ ಮೇಲೆ 91-5ರಿಂದ ಗೆದ್ದ ಪಂದ್ಯವನ್ನು ಟೆಸ್ಟ್‌ಗಳ ಸಾಲಿಗೆ ಸೇರಿಸಿದ್ದೀರಿ. ಆಡಿದ ಹುಡುಗರಿಗೆಲ್ಲ ಒಂದೊಂದು ಕ್ಯಾಪ್, ಅಂದರೆ ದೇಶದ ಪರ ಟೆಸ್ಟ್ ಆಡಿದ ಲೆಕ್ಕ, ಬರೆದಿದ್ದೀರಿ. ಕೆಳಗೆ ‘ಇನ್ನು ಇವರೆಲ್ಲ ಇಂಗ್ಲೆಂಡಿಗೇ ಖಾಯಂ’ ಅಂತ ಬೇರೆ ಹಾಕಿದ್ದೀರಿ. ದಯವಿಟ್ಟು ಮುಂದಿನ ಪುಟಕ್ಕೆ ಹೋಗಬೇಡಿ. ಇದೇ ತಪ್ಪು ಮಾಡಿ ನಾನು ಒಂದು ಇಡೀ ದಾಖಲೆ ಪುಸ್ತಕ ಹಾಳು ಮಾಡಿಕೊಂಡಿದ್ದೇನೆ.

ನಮಗೆ ಕ್ರಿಕೆಟ್ ಅಭ್ಯಾಸ. ಇಂಡಿಯಾ ಎ ಅಂದರೆ ದೊಡ್ಡ ತಂಡಕ್ಕೆ ಹೋಗುವ ಮೆಟ್ಟಿಲು, ಅಷ್ಟೇ. ಅದರ ರನ್ ಟೆಸ್ಟ್ ಲೆಕ್ಕಕ್ಕೆ ಬರುವುದಿಲ್ಲ, ಅದು ಯಾರನ್ನೂ ಕಟ್ಟಿಹಾಕುವುದೂ ಇಲ್ಲ. ರಗ್ಬಿಯಲ್ಲಿ ಹಾಗಲ್ಲ. ಕ್ಯಾಪ್ ಸಿಗದ ಪಂದ್ಯವೂ ಆಟಗಾರನನ್ನು ಒಂದು ದೇಶಕ್ಕೆ ಲಾಕ್ ಮಾಡಬಹುದು, ಅಂದರೆ ಬೇರೆ ದೇಶಕ್ಕೆ ಆಡದ ಹಾಗೆ ಕಟ್ಟಿಹಾಕಬಹುದು. ಮೈ ತುಂಬ ‘ಎ’ ಅಂತ ಬರೆದುಕೊಂಡ ತಂಡದಲ್ಲಿ ಆಡಿಯೂ ಲಾಕ್ ಆಗದೆ ಇರಬಹುದು. ಎರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ಗಲಿಬಿಲಿ ಗ್ಯಾರಂಟಿ.

ನನಗೆ ಇದು ಗೊತ್ತಾಗಿದ್ದು 2012ರ ಜನವರಿಯಲ್ಲಿ. ಸ್ಟೀವನ್ ಶಿಂಗ್ಲರ್ ನೆನಪಿರಬೇಕಲ್ವಾ? ಆಗ ಲಂಡನ್ ಐರಿಶ್ ಕ್ಲಬ್‌ನಲ್ಲಿದ್ದ. ವೇಲ್ಸ್ ಹುಡುಗ, ತಾಯಿ ಸ್ಕಾಟ್ಲೆಂಡ್‌ನವರು. ಸ್ಕಾಟ್ಲೆಂಡ್ ಅವನನ್ನು ಸಿಕ್ಸ್ ನೇಷನ್ಸ್ (ಯುರೋಪಿನ ಆರು ದೇಶಗಳ ಟೂರ್ನಿ) ತಂಡಕ್ಕೆ ಕರೆಯಿತು. ನಾನು ಅದೇ ಸಂಜೆ ಸ್ಕಾಟ್ಲೆಂಡ್ ಪುಟದಲ್ಲಿ ಅವನ ಹೆಸರು ಪೆನ್ನಿನಲ್ಲಿ ಬರೆದೆ. ವೇಲ್ಸ್ ತಕರಾರು ತೆಗೆಯಿತು. ಅವನು ವೇಲ್ಸ್ ಅಂಡರ್-20 ತಂಡಕ್ಕೆ ಫ್ರಾನ್ಸ್ ಅಂಡರ್-20 ವಿರುದ್ಧ ಆಡಿದ್ದಾನೆ, ಆದ್ದರಿಂದ ಅವನು ನಮ್ಮವನು ಅಂತ ಅವರ ವಾದ. ನಾನು ಒಪ್ಪಲೇ ಇಲ್ಲ. ‘ಹುಡುಗರ ಪಂದ್ಯ, ಅದಕ್ಕೇನು ಬೆಲೆ’ ಅಂತ ಒಂದು ವಾರ ಎಲ್ಲರ ಜೊತೆ ಜಗಳ ಆಡಿದೆ.

ಆದರೆ ನಿಯಮದ ಪ್ರಕಾರ ದೇಶದ ಒಕ್ಕೂಟ ಹೆಸರಿಸಿದ ಅಧಿಕೃತ ಎರಡನೇ ತಂಡಕ್ಕೆ ಆಡಿದರೂ ಲಾಕ್ ಆಗಬಹುದು, ವೇಲ್ಸ್ ಹಾಗೆ ಹೆಸರಿಸಿದ್ದು ಅಂಡರ್-20ಯನ್ನೇ. ಫ್ರಾನ್ಸ್ ಕೂಡ ಹಾಗೇ ಮಾಡಿತ್ತು. ಎರಡು ಅಧಿಕೃತ ಎರಡನೇ ತಂಡಗಳು ಎದುರುಬದುರಾದವು, ಹುಡುಗ ಲಾಕ್ ಆದ. ತೀರ್ಪು ಸ್ಕಾಟ್ಲೆಂಡ್ ವಿರುದ್ಧ ಬಂತು, ಮೇಲ್ಮನವಿಯೂ ಬಿದ್ದುಹೋಯಿತು. ಇಪ್ಪತ್ತರ ಆಸುಪಾಸಿನ ಹುಡುಗ, ಒಂದು ಸಂಜೆ ಆಡಿದ ಆಟಕ್ಕೆ ತಾಯಿಯ ದೇಶದ ಬಾಗಿಲು ಮುಚ್ಚಿತು. ಇವತ್ತಿಗೂ ನನಗೆ ಅದು ಬೇಜಾರು. ಆಮೇಲೆ ನನ್ನ ಪುಸ್ತಕ ತೆಗೆದು ನೋಡಿದರೆ, ಅಂಡರ್-20 ಪಂದ್ಯ ಒಂದೂ ಬರೆದಿಲ್ಲ. ಎ ತಂಡದ ಪಂದ್ಯಗಳಿಗೆಲ್ಲ ಕ್ಯಾಪ್ ಬರೆದಿದ್ದೇನೆ. ಬೇಕಾಗಿದ್ದು ಬಿಟ್ಟಿದ್ದೆ, ಬೇಡದ್ದು ತುಂಬಿದ್ದೆ. ಮೂರು ವಾರದ ಸಂಜೆಗಳು ಅದನ್ನು ಸರಿಮಾಡಲು ಹೋದವು.

ಅವತ್ತಿನಿಂದ ನಾನು ಪ್ರತಿ ಪಂದ್ಯಕ್ಕೂ ಕ್ಯಾಪ್‌ಗೆ ಒಂದು ಕಾಲಂ, ಲಾಕ್‌ಗೆ ಒಂದು ಕಾಲಂ ಬಿಡುತ್ತೇನೆ. ಅವೂ ಎರಡು ತಂಡಕ್ಕೂ ಬೇರೆ ಬೇರೆ. ಯಾಕೆಂದರೆ ಒಂದೇ ಪಂದ್ಯಕ್ಕೆ ಒಬ್ಬರು ಕ್ಯಾಪ್ ಕೊಟ್ಟು ಇನ್ನೊಬ್ಬರು ಕೊಡದೆ ಇರಬಹುದು. 1976ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಹದಿನೈದು ಮಂದಿ ಅರ್ಜೆಂಟೀನಾ ಮೇಲೆ 20-19ರಿಂದ ಗೆದ್ದರಲ್ಲ, ಕೊನೇ ಗಳಿಗೆಯಲ್ಲಿ ಫಿಲ್ ಬೆನೆಟ್ ಪೆನಾಲ್ಟಿ ಹೊಡೆದದ್ದು? ವೇಲ್ಸ್ ಅದಕ್ಕೆ ಕ್ಯಾಪ್ ಕೊಡಲಿಲ್ಲ. ಅರ್ಜೆಂಟೀನಾ ಕೊಟ್ಟಿತು. 1978ರಲ್ಲಿ ಟ್ವಿಕನಮ್‌ನಲ್ಲಿ ಇಂಗ್ಲೆಂಡ್ ಜೊತೆ 13-13 ಸಮ ಆದದ್ದೂ ಅದೇ ಕಥೆ. ಆದ್ದರಿಂದ ನಿಮ್ಮ 91-5ರ ಸಾಲಿನಲ್ಲಿ ಇಂಗ್ಲೆಂಡ್ ಕಡೆ ಕ್ಯಾಪ್ ಸೊನ್ನೆ ಹಾಕಿ. ಪೋರ್ಚುಗಲ್ ಕಡೆಯದನ್ನು ಅವರ ಒಕ್ಕೂಟದ ಪಟ್ಟಿ ನೋಡಿ ತುಂಬಿ, ಊಹೆ ಮಾಡಬೇಡಿ.

ಲಾಕ್ ಕಾಲಂ ತುಂಬುವಾಗ ಜಾಸ್ತಿ ಎಚ್ಚರ ಬೇಕು. ಆ ತಂಡವನ್ನು ಆ ದಿನಕ್ಕೆ ಅಧಿಕೃತ ಎರಡನೇ ತಂಡ ಅಂತ ಒಕ್ಕೂಟ ಹೆಸರಿಸಿರಬೇಕು. ಎದುರಾಳಿಯೂ ಇನ್ನೊಂದು ದೇಶದ ಮುಖ್ಯ ತಂಡವೋ, ಹೆಸರಿಸಿದ ಎರಡನೇ ತಂಡವೋ ಆಗಿರಬೇಕು. ನ್ಯೂಜಿಲೆಂಡ್‌ನ ಎರಡನೇ ತಂಡ ಆಲ್ ಬ್ಲ್ಯಾಕ್ಸ್ XV 2022ರಲ್ಲಿ ಲಂಡನ್‌ನಲ್ಲಿ ಬಾರ್ಬೇರಿಯನ್ಸ್ (ಆಹ್ವಾನಿತ ಆಟಗಾರರ ಕ್ಲಬ್) ವಿರುದ್ಧ ಆಡಿತು, 2024ರಲ್ಲಿ ಐರ್ಲೆಂಡ್‌ನ ಪ್ರಾಂತ್ಯ ತಂಡ ಮನ್‌ಸ್ಟರ್ ವಿರುದ್ಧ ಆಡಿತು. ಆ ಪಂದ್ಯಗಳಿಂದ ಯಾರೂ ಲಾಕ್ ಆಗುವುದಿಲ್ಲ, ಎದುರಿಗೆ ದೇಶದ ತಂಡವೇ ಇರಲಿಲ್ಲ. ಹೆಸರಿಸಿದ್ದು ಖಚಿತ ಆಗುವ ತನಕ ಖಾಲಿ ಬಿಡಿ. ಖಾಲಿ ಜಾಗ ತಪ್ಪಲ್ಲ, ತಪ್ಪು ಟಿಕ್ ಮಾರ್ಕ್ ತಪ್ಪು.

ತಾರೀಖು ಬರೆಯದೆ ಈ ಕಾಲಂ ಕೆಲಸಕ್ಕೆ ಬಾರದು. 2018ರ ಜನವರಿ 1ರಿಂದ ಅಂಡರ್-20 ತಂಡವನ್ನು ಎರಡನೇ ತಂಡ ಅಂತ ಹೆಸರಿಸುವ ಹಾಗಿಲ್ಲ. 2022ರ ಜನವರಿಯಿಂದ ಇನ್ನೊಂದು ಬದಲಾವಣೆ: ದೇಶದ ಪರ ಮೂರು ವರ್ಷ ಆಡದೆ ಇದ್ದವರು ತಾವು ಹುಟ್ಟಿದ ದೇಶಕ್ಕೋ, ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಹುಟ್ಟಿದ ದೇಶಕ್ಕೋ ಒಂದೇ ಒಂದು ಸಲ ಹೋಗಬಹುದು. ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್‌ನ ಮುಖ್ಯ ತಂಡ) ಪರ ಟೆಸ್ಟ್ ಆಡಿದ ಮಲಕೈ ಫೆಕಿಟೋವಾ ಮತ್ತು ಚಾರ್ಲ್ಸ್ ಪಿಯುಟಾವು, ಆಸ್ಟ್ರೇಲಿಯಾದ ಇಸ್ರೇಲ್ ಫೊಲಾವು ಅದೇ ವರ್ಷ ಟೋಂಗಾ ಜರ್ಸಿ ಹಾಕಿದರು. ಪೂರ್ತಿ ಟೆಸ್ಟ್ ಆಡಿದವರಿಗೇ ದಾರಿ ಇರುವಾಗ ಎ ತಂಡದ ಹುಡುಗನಿಗೆ ‘ಖಾಯಂ’ ಅಂತ ಹೇಗೆ ಬರೆಯುತ್ತೀರಿ? ಆ ಪದ ಮೊದಲು ಅಳಿಸಿ.

ಹೆಸರುಗಳನ್ನು ನಂಬಬೇಡಿ. ಇಂಗ್ಲೆಂಡ್ ಎ 2006ರಲ್ಲಿ ಸ್ಯಾಕ್ಸನ್ಸ್ ಆಯಿತು, 2021ರಲ್ಲಿ ಮತ್ತೆ ಎ ಆಯಿತು. ನಾನು ನೋಡಿದ ಎಷ್ಟೋ ಪಟ್ಟಿಗಳಲ್ಲಿ ಇವು ಎರಡು ತಂಡ. 2003ರ ಚರ್ಚಿಲ್ ಕಪ್ ಗೆದ್ದ ಇಂಗ್ಲೆಂಡ್ ಎ ಮತ್ತು 2011ರದ್ದನ್ನು ಗೆದ್ದ ಸ್ಯಾಕ್ಸನ್ಸ್ ಒಂದೇ ಮನೆಯವರು. ಐರ್ಲೆಂಡ್ ಎ 2010ರಲ್ಲಿ ವುಲ್ಫ್‌ಹೌಂಡ್ಸ್ ಆಯಿತು, ಆಮೇಲೆ ಮತ್ತೆ ಐರ್ಲೆಂಡ್ ಎ ಆಯಿತು. ಜೂನಿಯರ್ ಆಲ್ ಬ್ಲ್ಯಾಕ್ಸ್ ಅಂದರೆ ಚಿಕ್ಕ ಹುಡುಗರು ಅಂತ ಯಾರೋ ಹೋದ ತಿಂಗಳು ಬರೆದಿದ್ದರು. ಅಲ್ಲ! 2006, 2007, 2009ರಲ್ಲಿ ಪೆಸಿಫಿಕ್ ನೇಷನ್ಸ್ ಕಪ್ ಗೆದ್ದ ದೊಡ್ಡವರ ತಂಡ ಅದು.

ಇನ್ನೊಂದು ಮಾತು. ನೀವು ಸ್ಪ್ರೆಡ್‌ಶೀಟ್ ಬಳಸುತ್ತಿದ್ದರೆ ಸ್ಕೋರ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. 2025ರಲ್ಲಿ ಬ್ರಿಸ್ಟಲ್‌ನಲ್ಲಿ ಇಂಗ್ಲೆಂಡ್ ಎ ಐರ್ಲೆಂಡ್ ಎ ಮೇಲೆ 28-12ರಿಂದ ಗೆದ್ದದ್ದನ್ನು ಸುಮ್ನೆ ಹೊಡೆದರೆ ಅದು ಡಿಸೆಂಬರ್ 28 ಆಗಿ ಕೂತುಬಿಡುತ್ತದೆ. 91-5ನ್ನೂ ಹೋಗಿ ಒಮ್ಮೆ ನೋಡಿ. ನನ್ನ ಮಟ್ಟಿಗೆ ಲಾಂಗ್ ಬುಕ್ ಮತ್ತು ಅಪ್ಸರಾ ಪೆನ್ಸಿಲ್ಲೇ ವಾಸಿ. ಕ್ಯಾಪ್ ಕಾಲಂ ಮಾತ್ರ ಪೆನ್ನು, ಅದು ಅಪರೂಪಕ್ಕೆ ಬದಲಾಗುವುದು. ಲಾಕ್ ಕಾಲಂ ಯಾವತ್ತೂ ಪೆನ್ಸಿಲ್.

ಪಟ್ಟಿ ಸರಿಮಾಡಿದ ಮೇಲೆ ಇಲ್ಲೇ ಹಾಕಿ. 2006ರಿಂದ 2011ರ ತನಕದ ಸ್ಯಾಕ್ಸನ್ಸ್ ಪುಟಗಳು ನನ್ನ ಹತ್ತಿರ ಇವೆ, ಭಾನುವಾರ ಫೋಟೋ ತೆಗೆದು ಕಳಿಸುತ್ತೇನೆ. ಹೋಲಿಸಿ ನೋಡೋಣ.